ಹೊಟ್ಟೆ ಸೀಳದ ದ

ಏಪ್ರಿಲ್ 3, ಗುರುವಾರ

ಇವತ್ತಿನಿಂದ ಕೈಯಲ್ಲಿ ಬರೆಯುವುದೆಂದು ತೀರ್ಮಾನ. ‘ಅಕ್ಷರ ಜಗಲಿ’ ಗ್ರೂಪಿನ ಅಡ್ಮಿನ್ ನಿನ್ನೆ ಹಾಕಿದ್ದು: ದಿನಕ್ಕೆ ಅರ್ಧ ಪುಟವಾದರೂ ಪೆನ್ನು ಹಿಡಿದು ಬರೆಯದವನು ಫಾಂಟಿನ ಬಗ್ಗೆ ಬಾಯಿ ತೆರೆಯಬಾರದು. ಅದಕ್ಕೆ ಎಂಬತ್ತೆರಡು ಹೃದಯ ಬಿದ್ದಿವೆ, ಒಂದು ನನ್ನದು. ಮನೆಯಲ್ಲಿ ನಮ್ಮದು ಕೊಂಕಣಿ, ಬಸ್ಸಿನಲ್ಲಿ, ಪೇಟೆಯಲ್ಲಿ ತುಳು. ಬರೆಯುವುದು ಮಾತ್ರ ಕನ್ನಡ. ಹಾಗಾಗಿ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಈ ಪುಸ್ತಕದಲ್ಲಿ ಕನ್ನಡವೇ.

ಉಡುಪಿಯ ನಮ್ಮ ಪ್ರೆಸ್ಸಿನಲ್ಲಿ ಮದುವೆ ಸೀಸನ್ ಶುರುವಾಗಿದೆ. ಬೆಳಗ್ಗೆಯಿಂದ ಹನ್ನೊಂದು ಕಾರ್ಡ್ ಟೈಪ್ ಮಾಡಿದೆ. ಎಲ್ಲರಿಗೂ ಅದೇ ಬಳ್ಳಿ ಸುತ್ತಿದ ಫಾಂಟ್ ಬೇಕು. ಕಣ್ಣು ಮೆಣಸು ಬಿದ್ದ ಹಾಗೆ ಉರಿಯುತ್ತಿತ್ತು. ಊಟದ ಹೊತ್ತಿಗೆ ಧಣಿ ಆಲ್ಫೋನ್ಸ್ ಅಂಕಲ್ ಕರೆದರು.

“ಕ್ಲಾಯ್ಡ್, ನಿನಗೆ ಅಕ್ಷರದ ಮರುಳು ಉಂಟಲ್ಲ? ಬಾ ಇಲ್ಲಿ. ಇದು ಕಾರ್ಡಲ್ಲ ಮಾರಾಯ, ಬ್ರ್ಯಾಂಡ್.”

ನನ್ನ ಮೊದಲ ಬ್ರ್ಯಾಂಡ್! ಕ್ಲೈಂಟ್ ನಮ್ಮ ಕಾಪುವಿನವರೇ, ಕಡಲ ಬದಿಯವರು. ಹೆಸರು ಸುಗಂಧಿ, ಐವತ್ತು ದಾಟಿದ ಹೆಂಗಸು. ಒಣ ಸಿಗಡಿಯ ಚಟ್ನಿಪುಡಿ ಮಾಡುತ್ತಾರೆ. ಸಿಗಡಿಗೆ ಇಲ್ಲಿ ಎಟ್ಟಿ ಎನ್ನುವುದು. ಮಣಿಪಾಲದ ಒಂದು ಅಂಗಡಿಯವರು ಅವರಿಗೆ ಒಂದು ಶೆಲ್ಫ್ ಕೊಡುತ್ತೇನೆಂದಿದ್ದಾರೆ. ಮೇ ಹದಿನೈದರೊಳಗೆ ಲೇಬಲ್ ಹಚ್ಚಿದ ಪ್ಯಾಕೆಟ್ ತಲುಪಬೇಕು. ಒಣಮೀನಿಗೆ ಮಳೆಗಾಲದ ವ್ಯಾಪಾರವೇ ವ್ಯಾಪಾರ. ತಡವಾದರೆ ಶೆಲ್ಫ್ ಇನ್ನೊಬ್ಬರಿಗೆ.

ಒಂದು ಚೀಟಿಯಲ್ಲಿ ಬರೆದು ತಂದಿದ್ದರು: ‘ಸುಗಂದಿ ಎಟ್ಟಿ ಚಟ್ನಿ’. ಅಲ್ಪಪ್ರಾಣ ದ! ನಾನು ಟೈಪ್ ಮಾಡುವಾಗಲೇ ಸರಿ ಮಾಡಿದೆ. ಅವರು ಸ್ಕ್ರೀನಿಗೆ ಮೂಗು ತಾಗುವಷ್ಟು ಬಾಗಿದರು.

“ಇದೆಂತ ಪೊರ್ಬು, ಹೊಟ್ಟೆ ಸೀಳಿದ್ದೀರಿ?”

ಇಗರ್ಜಿಗೆ ಹೋಗುವ ಕ್ರೈಸ್ತ ಗಂಡಸರೆಲ್ಲ ಇಲ್ಲಿಯವರಿಗೆ ಪೊರ್ಬುಗಳೇ, ಇಪ್ಪತ್ತೆರಡು ವರ್ಷದ ನಾನೂ.

“ಸುಗಂಧಕ್ಕೆ ಹೊಟ್ಟೆ ಸೀಳಲೇಬೇಕು ಅಕ್ಕ. ಅದು ಮಹಾಪ್ರಾಣ. ನೀವು ಬರೆದದ್ದು ತಪ್ಪು.”

“ಹೌದಾ?” ಎಂದರು. ಸ್ವಲ್ಪ ಹೊತ್ತು ನೋಡಿದರು. “ಕಲಿತವರು ನೀವು.”

“ಒಣ ಎಟ್ಟಿಗೆ ಎಂತ ಸುಗಂಧವೋ!” ಎಂದು ಆಲ್ಫೋನ್ಸ್ ಅಂಕಲ್ ನಕ್ಕರು.

“ನಿಮ್ಮ ಅಂಗಿಯ ಅತ್ತರಿಗಿಂತ ಲಾಯ್ಕ ಉಂಟು ಧಣಿ.”

ನಾಲಗೆ ಉಂಟು ಹೆಂಗಸಿಗೆ.

ಚೀಟಿಯ ಫೋಟೋ ಗ್ರೂಪಿಗೆ ಹಾಕಿದೆ: ‘ಸ್ವಂತ ಹೆಸರಿನಲ್ಲೇ ಕಾಗುಣಿತ ತಪ್ಪು!’ ನಲವತ್ತೊಂದು ನಗು ಬಂದವು. ನನಗೆ ಇಷ್ಟು ಯಾವತ್ತೂ ಬಂದಿರಲಿಲ್ಲ.

ಏಪ್ರಿಲ್ 7, ಸೋಮವಾರ

ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಅದು ಹೈವೇಯ ತಪ್ಪು.

ಮೂವತ್ತೆರಡು ಫಾಂಟ್ ಒಟ್ಟು ಮಾಡಿದ್ದೇನೆ. ಎಲ್ಲದಕ್ಕೂ ನಾನೇ ಅಡ್ಡಹೆಸರು ಇಟ್ಟಿದ್ದೇನೆ. ಗುಂಡಗೆ ಉಬ್ಬಿದ್ದು ‘ಬನ್ಸ್’. ಸಪೂರದ್ದು ‘ಕಡ್ಡಿ’. ಬಳ್ಳಿ ಸುತ್ತಿದ್ದು ‘ಮದುಮಗಳು’. ಪಾಠಪುಸ್ತಕದ ಹಾಗಿರುವುದು ‘ಮಾಸ್ಟ್ರು’.

ಲೇಬಲ್ ಆರು ಸೆಂಟಿಮೀಟರ್ ಅಗಲ. ಮೂರೇ ಪದ, ಆದರೆ ಮೂರೂ ಜಗಳಗಂಟಿಗಳು. ‘ಎಟ್ಟಿ’ಯ ಒತ್ತು, ‘ಚಟ್ನಿ’ಯ ಒತ್ತು ಎರಡೂ ಕೆಳಗೆ ನೇತಾಡಿ ಒಂದನ್ನೊಂದು ಒದೆಯುತ್ತವೆ. ‘ಸು’ವಿನ ಕೊಂಬು ಮುಂದಿನ ಅಕ್ಷರವನ್ನು ತಿವಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ‘ಧಿ’. ಹೊಟ್ಟೆ ಸೀಳುವ ಆ ಗೀಟು ಇಷ್ಟು ಸಣ್ಣದರಲ್ಲಿ ನಿಲ್ಲುವುದೇ ಇಲ್ಲ. ಬನ್ಸ್‌ನಲ್ಲಿ ಅದು ಹೊಟ್ಟೆಗೇ ಅಂಟಿಕೊಂಡು ಇರುವೆ ಕೂತ ಹಾಗೆ ಕಾಣುತ್ತದೆ. ಕಡ್ಡಿಯಲ್ಲಿ ಮಾಯ.

ಗ್ರೂಪಿನಲ್ಲಿ ಕೇಳಿದೆ. ಫಾಂಟ್ ಎಂದರೆ ವ್ಯಾಪಾರದ ಅಂಗಿ ಎಂದ ಒಬ್ಬ. ಅಂಗಿಯಲ್ಲ, ಸ್ವರ ಎಂದ ಇನ್ನೊಬ್ಬ. ನೂರಾ ಆರು ಮೆಸೇಜ್ ಅದೇ ನಡೆಯಿತು. ಗೀಟಿನ ಬಗ್ಗೆ ಯಾರೂ ಹೇಳಲಿಲ್ಲ. ಆದರೂ ಎಂತಹ ಜನ! ಮಾತು ಕೇಳುವುದೇ ಒಂದು ಪಾಠ.

ಏಪ್ರಿಲ್ 11, ಶುಕ್ರವಾರ

ಕ್ಲೈಂಟ್ ಬಂದಿದ್ದರು. ಗ್ರೂಪಿನವರು ಸೂಚಿಸಿದ ಹೆಸರುಗಳ ಪಟ್ಟಿ ಓದಿ ಹೇಳಿದೆ. ‘ಕಡಲ ಕಾರ’, ‘ತೆರೆ’, ‘ಕೋಸ್ಟಲ್ ಕ್ರಂಚ್’. ಕೋಸ್ಟಲ್ ಕ್ರಂಚ್‌ಗೆ ಇಂಗ್ಲಿಷ್ ಅಕ್ಷರ ಎಷ್ಟು ಚಂದ ಕೂರುತ್ತದೆ! ಧಿ ಎಂಬ ಉಪದ್ರವೇ ಇಲ್ಲ.

“ಬೇಡ,” ಎಂದರು. “ನನ್ನ ಹೆಸರೇ ಬೇಕು.”

“ಯಾಕೆ ಅಕ್ಕ? ಹೆಸರು ಕ್ಯಾಚಿ ಇರಬೇಕು.”

“ಹತ್ತೊಂಬತ್ತು ವರ್ಷ ಒಬ್ಬ ಸಾಹುಕಾರರಿಗೆ ಮಾಡಿ ಕೊಟ್ಟೆ ಪೊರ್ಬು. ಹುರಿದದ್ದು ನಾನು, ಕುಟ್ಟಿದ್ದು ನಾನು. ಅವರು ಅವರ ಅಜ್ಜಿಯ ಫೋಟೋ ಹಾಕಿ ಪ್ಯಾಕ್ ಮಾಡಿದರು. ‘ಅಜ್ಜಿಯ ಕೈರುಚಿ’ ಅಂತೆ. ಆ ಅಜ್ಜಿ ಜನ್ಮದಲ್ಲಿ ಮೀನು ಮುಟ್ಟಿದವರಲ್ಲ!”

ಆಲ್ಫೋನ್ಸ್ ಅಂಕಲ್ ಚಾ ಕುಡಿಯುತ್ತಿದ್ದವರು ಕೆಮ್ಮಿದರು.

“ಮದುವೆಗೆ ಹೋದರೆ ನನ್ನದೇ ಚಟ್ನಿ ನನಗೇ ಬಡಿಸಿ, ‘ತಿನ್ನಿ, ಅಜ್ಜಿಯದ್ದು’ ಅಂತಾರೆ. ಸಾಕಾಯ್ತು. ನೀವು ಎಂತ ಅಕ್ಷರ ಬೇಕಾದರೂ ಹಾಕಿ, ಹೆಸರು ನನ್ನದಿರಲಿ.”

ಸರಿ. ಹೆಸರು ಹಾಗೇ ಇರಲಿ. ಅಂದರೆ ಧಿ ಜೊತೆ ಗುದ್ದಾಟ ತಪ್ಪಿದ್ದಲ್ಲ.

ಏಪ್ರಿಲ್ 16, ಬುಧವಾರ

ಹದಿನಾಲ್ಕು ಕಾರ್ಡ್. ಒಂದರಲ್ಲಿ ವರನ ಊರು ಹಿರಿಯಡ್ಕ ಎಂದು ಇರಬೇಕಾದಲ್ಲಿ ಕಿರಿಯಡ್ಕ ಎಂದು ಹೊಡೆದೆ. ಬೈಗುಳ ತಿಂದೆ. ಕರೆಂಟ್ ಹೋಗಿ ಲೇಬಲ್‌ನ ಫೈಲ್ ಹೋಯಿತು, ಉಳಿಸಿರಲಿಲ್ಲ. ಬೆನ್ನು ನೋವು. ಸಂಜೆಯ ಬಸ್ಸಿನಲ್ಲಿ ನಿಂತೇ ಬಂದೆ.

ಧ ಇನ್ನೂ ಸಿಕ್ಕಿಲ್ಲ.

ಏಪ್ರಿಲ್ 20, ಆದಿತ್ಯವಾರ

ಈಸ್ಟರ್. ಪೂಜೆಯ ಹೊತ್ತಿಗೆ ಹಾಡಿನ ಪುಸ್ತಕದಲ್ಲಿ ಧ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುತ್ತಿದ್ದೆ. ಮಮ್ಮಿ ಮೊಣಕೈಯಲ್ಲಿ ತಿವಿದರು.

“ಪುತಾ, ಎಲ್ಲರೂ ನಿಂತಿದ್ದಾರೆ. ನೀನೊಬ್ಬ ಕೂತಿದ್ದಿ.”

ಮಧ್ಯಾಹ್ನ ಊಟವಾದ ಮೇಲೆ ಮಲಗಿದವನಿಗೆ ಐದಕ್ಕೆ ಎಚ್ಚರ. ಎದ್ದರೂ ಆಯಾಸ ಹೋಗಿಲ್ಲ.

ಏಪ್ರಿಲ್ 24, ಗುರುವಾರ

ಲೇಬಲ್‌ನ ಹಿಂಬದಿಗೆ ಬೇಕಾದ ಕಾಗದಪತ್ರ ತಂದುಕೊಟ್ಟರು. ಆಹಾರದ ಲೈಸೆನ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ಎಲ್ಲದರಲ್ಲೂ ‘ಸುಗಂದಿ’. ಇಂಗ್ಲಿಷಿನಲ್ಲೂ ಎಚ್ ಇಲ್ಲ. ಒಂದು ತಪ್ಪನ್ನು ಇಷ್ಟು ವರ್ಷ, ಇಷ್ಟು ಕಡೆ, ಇಷ್ಟು ಶಿಸ್ತಾಗಿ ಯಾರು ಮಾಡುತ್ತಾರೆ? ಲೈಸೆನ್ಸಿನ ಅಕ್ಷರ ಸಣ್ಣದು, ಹಿಂಬದಿ ಯಾರು ಓದುತ್ತಾರೆ. ಅದನ್ನು ಹಾಗೆಯೇ ಬಿಟ್ಟೆ. ಮುಂಬದಿಯಲ್ಲಾದರೂ ಸರಿಯಿರಲಿ.

“ಇಲ್ಲೆಲ್ಲ ತಪ್ಪೇ ಉಂಟಲ್ಲ ಅಕ್ಕ,” ಎಂದು ತೋರಿಸಿದೆ, ಸುಮ್ಮನೆ, ತಮಾಷೆಗೆ.

ಅವರು ಪಾಸ್‌ಬುಕ್ ತೆಗೆದು ಸೆರಗಿನಲ್ಲಿ ಒರೆಸಿದರು. “ಎಲ್ಲದರಲ್ಲೂ?” ಎಂದು ಕೇಳಿದರು.

“ಎಲ್ಲದರಲ್ಲೂ.”

ಇವತ್ತು ಗ್ರೂಪಿನಲ್ಲಿ ಅಂಗಿ ಪಕ್ಷದವರಿಗೂ ಸ್ವರ ಪಕ್ಷದವರಿಗೂ ಮತ್ತೆ ಹೊಡೆದಾಟ. ಇಬ್ಬರು ಎದ್ದು ಹೋಗಿದ್ದಾರೆ. ನಾನು ಹಾಕಿದ ಲೇಬಲ್‌ನ ಚಿತ್ರ ಎಲ್ಲೋ ಮೇಲೆ ಹೋಗಿಬಿಟ್ಟಿತು.

ಏಪ್ರಿಲ್ 29, ಮಂಗಳವಾರ

ಸಿಕ್ಕಿತು!

ಇಪ್ಪತ್ತೊಂಬತ್ತನೆಯ ಫಾಂಟ್. ಇದಕ್ಕೆ ಅಡ್ಡಹೆಸರೂ ಇಟ್ಟಿರಲಿಲ್ಲ, ಅಷ್ಟು ಸಾಧಾರಣ. ಆದರೆ ಧ ನೋಡಿದರೆ! ಗೀಟು ಹೊಟ್ಟೆಗೆ ಅಂಟದೆ, ಕೂದಲಿನಷ್ಟು ಜಾಗ ಬಿಟ್ಟು, ಕೆಳಗೆ ಬೇರೆಯಾಗಿ ನಿಂತಿದೆ. ಅಷ್ಟು ಸಣ್ಣದರಲ್ಲಿ ಅಚ್ಚು ಹಾಕಿ ನೋಡಿದೆ, ಸ್ಪಷ್ಟ. ಒತ್ತುಗಳೂ ಜಗಳವಾಡುತ್ತಿಲ್ಲ. ಒಂದೇ ಬಣ್ಣ, ಕಡು ನೀಲಿ. ಇಪ್ಪತ್ತಾರು ದಿನ, ಮದುವೆ ಕಾರ್ಡುಗಳ ಸಂದಿಯಲ್ಲಿ.

ಮಧ್ಯಾಹ್ನ ಸುಗಂಧಿಯಕ್ಕ ಬಂದು ಪ್ರೂಫ್ ನೋಡಿದರು. ತುಂಬಾ ಹೊತ್ತು ನೋಡಿದರು. ಸಂತೋಷಕ್ಕೆ ಮಾತು ಬರಲಿಲ್ಲ ಎಂದು ಕಾಣುತ್ತದೆ.

“ಹೇಗುಂಟು?”

“ಚಂದ ಉಂಟು ಪೊರ್ಬು. ದೊಡ್ಡವರ ಹೆಸರಿನ ಹಾಗೆ ಉಂಟು.”

ಒಪ್ಪಿಗೆಗೆ ಕೆಳಗೆ ಸಹಿ ಬೇಕು. ಕುರ್ಚಿಯಲ್ಲಿ ಕೂತು, ನಾಲಗೆ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡು, ನಿಧಾನವಾಗಿ ಹಾಕಿದರು. ಅವರು ಮುಗಿಸುವುದರೊಳಗೆ ನಾನೊಂದು ಕಾರ್ಡಿನ ಅರ್ಧ ಟೈಪ್ ಮಾಡಿದೆ. ಬೇಸಿಗೆಯ ಸೆಕೆ, ಪ್ರೆಸ್ಸಿನ ಫ್ಯಾನಿಗೆ ಜೀವವಿಲ್ಲ. ಪ್ರೂಫ್ ಫೈಲಿಗೆ ಸೇರಿಸಿ, ಕೆಲಸವನ್ನು ಕಾರ್ಕಳಕ್ಕೆ ಕಳಿಸಿದೆ. ಅಂಟಿನ ಕಾಗದದ ಮೇಲೆ ಆಫ್‌ಸೆಟ್ ಹೊಡೆಯುವುದು ಅಲ್ಲಿ. ಮೇ ಏಳಕ್ಕೆ ಮೆಷಿನ್ ಸಿಗುತ್ತದಂತೆ.

ಮುಗಿಯಿತು. ಖುಷಿ ಪಡುವಷ್ಟು ಶಕ್ತಿ ಉಳಿದಿಲ್ಲ. ನಾಳೆ ಪಡುತ್ತೇನೆ.

ಮೇ 5, ಸೋಮವಾರ

ಇವತ್ತು ರಜೆ ಹಾಕಿದ್ದೆ, ಜ್ವರದ ಹಾಗಿತ್ತು. ಸಂಜೆಗೆ ವಾಸಿಯೆನಿಸಿ ಕಡಲ ಬದಿಗೆ ನಡೆದೆ. ಲೈಟ್‌ಹೌಸಿನ ಈಚೆ ಬಲೆ ಹಾಸಿ ಎಟ್ಟಿ ಒಣಗಿಸುತ್ತಿದ್ದರು. ಸುಗಂಧಿಯಕ್ಕ ಕುಕ್ಕರಗಾಲಿನಲ್ಲಿ ಕೂತು ಕಸ ಆರಿಸುತ್ತಿದ್ದರು. ನನ್ನನ್ನು ನೋಡಿ ಒಂದು ಬಕೆಟ್ ಕವುಚಿ ಹಾಕಿ ಕೂರಿಸಿದರು.

“ಶನಿವಾರ ಪ್ರೆಸ್ಸಿಗೆ ಬರ್ತೇನೆ ಅಂತ ಹೇಳಿದ್ದಿರಲ್ಲ ಅಕ್ಕ?”

“ಬ್ಯಾಂಕಿಗೆ ಹೋಗಿದ್ದೆ. ಅಲ್ಲೇ ಮಧ್ಯಾಹ್ನ ಆಯ್ತು.” ನಗುತ್ತಿದ್ದರು. “ನನ್ನ ಸಹಿ ತಾಳೆ ಆಗುವುದಿಲ್ಲ ಅಂತೆ.”

“ಎಂತ ಸಹಿ?”

“ಹೊಸದು. ನೀವು ಹೇಳಿದ್ದು. ಹೊಟ್ಟೆ ಸೀಳಿದ್ದು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರೇ ಹೇಳುತ್ತಾ ಹೋದರು, ಕಸ ಆರಿಸುವುದನ್ನು ನಿಲ್ಲಿಸದೆ. ಎಲ್ಲದರಲ್ಲೂ ತಪ್ಪು ಉಂಟು ಎಂದೆನಲ್ಲ, ಅವತ್ತಿನಿಂದ ಪೇಪರಿನ ಅಂಚಿನಲ್ಲಿ ದಿನಾ ಬರೆದು ಕಲಿತರಂತೆ. ಮಣ್ಣಿನಲ್ಲೂ ಬರೆದರಂತೆ. ಪ್ಯಾಕೆಟ್ ಬರುವ ಮೊದಲು ಎಲ್ಲ ಕಡೆ ಸರಿ ಮಾಡಬೇಕು, ಇಲ್ಲದಿದ್ದರೆ ಚಟ್ನಿ ಮಾಡಿದವಳು ಬೇರೆ, ಸಹಿ ಹಾಕುವವಳು ಬೇರೆ ಎಂದಾಗುತ್ತದೆ ಎಂದು ಹೆದರಿಕೆ. ಬ್ಯಾಂಕಿನಲ್ಲಿ ಮೂರು ಸಲ ಸಹಿ ಹಾಕಿಸಿದರು. ಮೂರೂ ಮೂರು ನಮೂನೆ.

“ಆ ಕೌಂಟರಿನ ಹುಡುಗಿ ಒಳ್ಳೆಯವಳು, ಪಾಪ. ‘ಅಮ್ಮ, ಸುಗಂದಿ ನೀವೇ ಅಲ್ವಾ?’ ಅಂತ ಕೇಳಿದಳು. ನಾನು ಎಂತ ಹೇಳುವುದು? ಒಂದು ಗಳಿಗೆ ನನಗೇ ಸಂಶಯ ಬಂತು ಮಾರಾಯ್ರೇ!”

ಜೋರಾಗಿ ನಕ್ಕರು. ಪಕ್ಕದ ಬಲೆಯ ಹೆಂಗಸರೂ ನಕ್ಕರು. ನಾನೂ ನಗಲು ನೋಡಿದೆ.

“ನೀವು ಆ ಮೊದಲ ದಿನವೇ ಯಾಕೆ ಹೇಳಲಿಲ್ಲ ಅಕ್ಕ?”

“ಎಂತ ಹೇಳುವುದು? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಿಲ್ಲಿಸದೆ ಬರೆಯಲಿಕ್ಕೆ ಬರುವುದು ಅದೊಂದೇ ನನಗೆ, ನನ್ನ ಹೆಸರು. ಅದೂ ತಪ್ಪು ಅಂತ ಆಯ್ತಲ್ಲ, ನಾಚಿಕೆ ಆಯ್ತು.”

ಕಡಲ ಗಾಳಿ ಬೀಸುತ್ತಿತ್ತು. ನಾನು ಒಂದು ಹಿಡಿ ಎಟ್ಟಿ ತೆಗೆದುಕೊಂಡು ಕಸ ಆರಿಸಲು ಶುರು ಮಾಡಿದೆ. ಕೈಯೇನಾದರೂ ಮಾಡುತ್ತಿರಬೇಕಿತ್ತು.

“ನಿಮಗೆ ಯಾವುದು ಬೇಕು?” ಎಂದು ಕೇಳಿದೆ. ಇದನ್ನು ಒಂದು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವರು ನನ್ನ ಮುಖ ನೋಡಿದರು. ಈಗ ನಗಲಿಲ್ಲ.

“ಬಂಗುಡೆಗೆ ಹೊಟ್ಟೆ ಸೀಳಬೇಕು ಪೊರ್ಬು, ಇಲ್ಲದಿದ್ದರೆ ಒಣಗುವುದಿಲ್ಲ. ಎಟ್ಟಿಗೆ ಯಾರು ಸೀಳ್ತಾರೆ?” ಮತ್ತೆ ಕೆಳಗೆ ಬಾಗಿದರು. “ಬಿಡಿ. ಅಚ್ಚಿಗೆ ಹೋಗಿ ಆಯ್ತಲ್ಲ. ಇಷ್ಟು ವರ್ಷ ಅಜ್ಜಿಯ ಹೆಸರಲ್ಲಿ ಹೋಯ್ತು, ಇನ್ನು ಇವಳ ಹೆಸರಲ್ಲಿ ಹೋಗಲಿ.”

ಇವಳ ಎಂದರೆ ಧ ಇರುವವಳ.

ಮೇ 6, ಮಂಗಳವಾರ

ಲೇಬಲ್‌ನ ಗೀಟು ತೆಗೆಸಬೇಕೆಂದು ಆಲ್ಫೋನ್ಸ್ ಅಂಕಲ್‌ಗೆ ಹೇಳಿದೆ.

“ತಲೆ ಸರಿ ಉಂಟಾ ನಿನಗೆ? ಸರಿ ಇದ್ದದ್ದನ್ನು ತಪ್ಪು ಮಾಡುವುದಾ? ನನ್ನ ಪ್ರೆಸ್ಸಿನ ಮರ್ಯಾದೆ ಉಂಟು.” ಫೈಲಿನಿಂದ ಪ್ರೂಫ್ ತೆಗೆದರು. “ನೋಡು, ಅವರದ್ದೇ ಸಹಿ. ಹೊಟ್ಟೆ ಸೀಳಿಯೇ ಹಾಕಿದ್ದಾರೆ.”

ನೋಡಿದೆ. ಅವತ್ತು ನೋಡಿರಲಿಲ್ಲ. ಸು, ಗ, ಸೊನ್ನೆ, ದ ಎಲ್ಲ ಹಗುರಾಗಿದೆ. ಗೀಟು ಒಂದನ್ನು ಎಷ್ಟು ಒತ್ತಿ ಎಳೆದಿದ್ದಾರೆಂದರೆ ಕಾಗದ ತೂತಾಗಿದೆ.

“ಅದು ನಾನು ಕಲಿಸಿದ್ದು ಅಂಕಲ್,” ಎಂದು ಬ್ಯಾಂಕಿನ ಕಥೆ ಹೇಳಿದೆ.

ಅಂಕಲ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ದಣಿವು, ಈಸ್ಟರ್ ಬಿಟ್ಟರೆ ನಾಲ್ಕು ವಾರದಿಂದ ಪ್ರೆಸ್ಸಿಗೆ ಆದಿತ್ಯವಾರದ ರಜೆಯೂ ಇಲ್ಲ. ಕಾರ್ಕಳಕ್ಕೆ ಫೋನ್ ಹಚ್ಚಿದರು, ತೆಗೆಯಲಿಲ್ಲ. ಮತ್ತೆ ಹಚ್ಚಿದರು.

“ಮೆಷಿನ್ ಶಬ್ದದಲ್ಲಿ ಆ ವಿಕಾಸ್‌ಗೆ ಎಂತದೂ ಕೇಳುವುದಿಲ್ಲ. ಬೆಳಗ್ಗೆ ನೀನೇ ಹೋಗು. ನಿನ್ನ ಇವತ್ತಿನ ಎಂಟು ಕಾರ್ಡ್ ಮುಗಿಸಿ ಹೋಗು, ಗೊತ್ತಾಯ್ತಾ?”

ಗ್ರೂಪಿನಲ್ಲಿ ಮುನ್ನೂರು ಚಿಲ್ಲರೆ ಮೆಸೇಜ್ ಸೇರಿವೆ. ತೆರೆಯಲಿಲ್ಲ, ಕಾರ್ಡ್ ಇತ್ತು.

ಮೇ 7, ಬುಧವಾರ

ಆರೂವರೆಗೆ ಮನೆ ಬಿಟ್ಟೆ. ಕಾಪು, ಉಡುಪಿ, ಮಣಿಪಾಲ, ಹಿರಿಯಡ್ಕ. ಕಾರ್ಕಳ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಬೋರ್ಡುಗಳನ್ನು ಓದುತ್ತಾ ಹೋದೆ. ಮೊದಲಾದರೆ ಫಾಂಟ್ ನೋಡುತ್ತಿದ್ದೆ. ಇವತ್ತು ಬರೀ ಹೆಸರು ಓದಿದೆ. ಎಷ್ಟು ಹೆಸರು!

ವಿಕಾಸ್ ಇಂಕು ಕಲಸುತ್ತಿದ್ದ. ನನಗಿಂತ ಐದಾರು ವರ್ಷ ದೊಡ್ಡವನು, ಕಿವಿಯಲ್ಲಿ ಹತ್ತಿ.

“ಪ್ಲೇಟ್ ಆಗಿದೆ ಮಾರಾಯ,” ಎಂದ. “ಹೊಸ ಪ್ಲೇಟ್ ಮಾಡಿಸಬೇಕಾದರೆ ಮಂಗಳೂರಿಗೆ ಕಳಿಸಬೇಕು. ಆಮೇಲೆ ಮೆಷಿನ್ ಸಿಗುವುದು ಇಪ್ಪತ್ತರ ನಂತರ. ಎಲ್ಲ ಮದುವೆ ಕಾರ್ಡ್.”

ಇಪ್ಪತ್ತು ಎಂದರೆ ಶೆಲ್ಫ್ ಹೋಯಿತು. ನಾನು ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತೆ.

“ಎಂತ ತಪ್ಪಾಗಿದೆ, ತೋರಿಸು.”

ತೋರಿಸಿದೆ. ಅಲ್ಯೂಮಿನಿಯಂ ತಗಡಿನ ಮೇಲೆ ಮೂವತ್ತಾರು ಲೇಬಲ್, ಮೂವತ್ತಾರು ಧಿ.

“ಗೀಟು ಸೇರಿಸಬೇಕಾ, ತೆಗೆಯಬೇಕಾ?”

“ತೆಗೆಯಬೇಕು.”

“ಹಾಗಾದರೆ ಯಾಕೆ ಮುಖ ಹೀಗೆ ಮಾಡಿದ್ದಿ? ಪ್ಲೇಟಿಗೆ ಸೇರಿಸಲಿಕ್ಕೆ ಆಗುವುದಿಲ್ಲ. ತೆಗೆಯಲಿಕ್ಕೆ ಪೆನ್ ಉಂಟು.”

ಹಸಿರು ಮುಚ್ಚಳದ ಒಂದು ಪೆನ್ನು ಕೊಟ್ಟ. ಬೇಡವಾದದ್ದರ ಮೇಲೆ ಮುಟ್ಟಿಸಿ, ಅರ್ಧ ನಿಮಿಷ ಬಿಟ್ಟು, ಒದ್ದೆ ಸ್ಪಂಜಿನಲ್ಲಿ ಒರೆಸಬೇಕು. ಅಲ್ಲಿ ಮತ್ತೆ ಇಂಕು ಹಿಡಿಯುವುದಿಲ್ಲ. ಹತ್ತು ಗಂಟೆಗೆ ಶುರುವಾಗಬೇಕಿದ್ದ ಅವನ ಕೆಲಸ ನನಗಾಗಿ ಹನ್ನೊಂದಕ್ಕೆ ಹೋಯಿತು. ಬೆನ್ನು ಬಗ್ಗಿಸಿ ಒಂದೊಂದಾಗಿ ತೆಗೆದೆ. ಹನ್ನೆರಡನೆಯದಾದ ಮೇಲೆ ನಿಲ್ಲಿಸಿ ನೀರು ಕುಡಿದೆ.

ವಿಕಾಸ್ ಬಂದು ಭೂತಗನ್ನಡಿಯಲ್ಲಿ ನೋಡಿದ. “ಬೇರೆ ಫಾಂಟ್ ಆಗಿದ್ದರೆ ಹೊಟ್ಟೆಯೂ ಅಳಿಸಿ ಹೋಗ್ತಿತ್ತು. ಇದರಲ್ಲಿ ಗೀಟು ಬೇರೆಯೇ ನಿಂತಿದೆ. ಯಾರು ಆರಿಸಿದ್ದು?”

“ನಾನು.”

“ಲಾಯ್ಕ ಆರಿಸಿದ್ದಿ. ತೆಗೆಯಲಿಕ್ಕೆ ಸುಲಭ.”

ಹನ್ನೊಂದು ಹತ್ತಕ್ಕೆ ಮೆಷಿನ್ ತಿರುಗಿತು. ಮೊದಲ ಹಾಳೆ ಬೆಳಕಿಗೆ ಹಿಡಿದು ಮೂವತ್ತಾರನ್ನೂ ಓದಿದೆ. ಸುಗಂದಿ, ಸುಗಂದಿ, ಸುಗಂದಿ.

ಮೇ 8, ಗುರುವಾರ

ಲೇಬಲ್ ಸುಗಂದಿಯಕ್ಕನಿಗೆ ಕೊಟ್ಟು ಬಂದೆ. ನೋಡಿದರು. ಒಳಗೆ ಹೋಗಿ ಒಂದು ತಟ್ಟೆ ಗಂಜಿ ತಂದಿಟ್ಟರು, ಮೇಲೆ ಚಟ್ನಿ. ಒಂದು ತಿಂಗಳಿಂದ ಈ ಚಟ್ನಿಗೆ ಫಾಂಟ್ ಹುಡುಕಿದವನು ಇದನ್ನು ತಿಂದದ್ದು ಇವತ್ತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಎರಡನೇ ಸಲ ಹಾಕಿಸಿಕೊಂಡೆ.

ಹದಿಮೂರು ಕಾರ್ಡ್.

ಮೇ 14, ಬುಧವಾರ

ಕಾಪುವಿನಲ್ಲಿ ಇಳಿಯಬೇಕಾದವರು ಇಬ್ಬರೂ ನಿದ್ದೆ ಹೋಗಿ ಪಡುಬಿದ್ರಿಯಲ್ಲಿ ಎಚ್ಚರಗೊಂಡೆವು. ವಾಪಸ್ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಸುಗಂದಿಯಕ್ಕ ಬೆಂಚಿನ ಮೇಲೆ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಮತ್ತೆ ತೂಕಡಿಸುತ್ತಿದ್ದಾರೆ. ನಿನ್ನೆ ಇಡೀ ದಿನ ಲೇಬಲ್ ಹಚ್ಚಿದ್ದಾರೆ.

ಪ್ಯಾಕೆಟ್ ಹೊರಲು ನಾನೂ ಜೊತೆಗೆ ಹೋಗಿದ್ದೆ, ಬೆಳಗ್ಗೆ ಹತ್ತಕ್ಕೆ ಮಣಿಪಾಲದ ಅಂಗಡಿ ತಲುಪಿದೆವು. ಧಣಿ ಎಡ್ವಿನ್ ಅಂಕಲ್, ನಮ್ಮವರೇ. ಪ್ಯಾಕೆಟ್ ಕೈಯಲ್ಲಿ ತಿರುಗಿಸಿ ಒಳ್ಳೆಯದಾಗಿದೆ ಎಂದರು. ಆಮೇಲೆ ಕನ್ನಡಕ ಹಣೆಗೆ ಏರಿಸಿ ಹತ್ತಿರ ಹಿಡಿದರು.

“ಅಕ್ಕ, ಇದರಲ್ಲಿ ಒಂದು ಗೀಟು ತಪ್ಪಿ ಹೋಗಿದೆಯಲ್ಲ.”

“ತಪ್ಪಿದ್ದಲ್ಲ ಅಂಕಲ್, ತೆಗೆದದ್ದು,” ಎಂದೆ.

“ಯಾರು ತೆಗೆದದ್ದು?”

“ನಾನು.”

“ಯಾಕೆ ಮಾರಾಯ? ಇದು ಮಣಿಪಾಲ. ಮಕ್ಕಳು ಫೋಟೋ ಹೊಡೆದು ಫೋನಿಗೆ ಹಾಕ್ತಾರೆ, ಅಂಗಡಿಯವನಿಗೆ ಕನ್ನಡ ಬರುವುದಿಲ್ಲ ಅಂತ ನನ್ನನ್ನು ನೋಡಿ ನಗ್ತಾರೆ.” ಕಿಸೆಯಿಂದ ಒಂದು ಕಪ್ಪು ಮಾರ್ಕರ್ ತೆಗೆದು ಅಕ್ಕನ ಮುಂದೆ ಇಟ್ಟರು. “ದೊಡ್ಡ ಕೆಲಸ ಎಂತ ಇಲ್ಲ. ಒಂದೊಂದಕ್ಕೂ ಇಷ್ಟು ಗೀಟು ಎಳೆದು ಶೆಲ್ಫಿನಲ್ಲಿ ಇಡಿ. ಇಲ್ಲದಿದ್ದರೆ ನನಗೆ ಕಷ್ಟ.”

ಅಕ್ಕ ಮಾರ್ಕರ್ ಎತ್ತಿಕೊಂಡರು. ಮುಚ್ಚಳ ತೆಗೆದರು. ನಾನು ಹೇಳಬೇಕೆಂದಿದ್ದುದೆಲ್ಲ ಗ್ರೂಪಿನ ಭಾಷೆಯಲ್ಲಿ ಬಾಯಿಗೆ ಬಂತು. ಒಂದೂ ಪ್ರಯೋಜನದ್ದಲ್ಲ.

ಅವರು ಪ್ಯಾಕೆಟ್ ಮುಟ್ಟಲಿಲ್ಲ. ಮಾರ್ಕರ್ ಹಿಡಿದೇ ಅಂಗಡಿಯ ಬಾಗಿಲಿಗೆ ಹೋಗಿ ಮೇಲೆ ನೋಡಿದರು. ವಾಪಸ್ ಬಂದು ಮೇಜಿನ ಮೇಲಿದ್ದ ಬಟ್ಟೆಯ ಚೀಲ ನೋಡಿದರು. ತುಟಿ ಅಲ್ಲಾಡುತ್ತಿತ್ತು, ಅಕ್ಷರ ಕೂಡಿಸುತ್ತಿದ್ದರು.

“ಧಣಿ, ಹೊರಗೆ ಬೋರ್ಡಿನಲ್ಲಿ ಲೂಯಿಸ್ ಅಂತ ಉಂಟು.”

“ಹೌದು, ನನ್ನ ಮನೆತನದ ಹೆಸರು.”

“ಚೀಲದಲ್ಲಿ ಲುವಿಸ್ ಅಂತ ಉಂಟು.”

ಎಡ್ವಿನ್ ಅಂಕಲ್ ಚೀಲ ನೋಡಿದರು. “ಅದು ಚೀಲದವನು ಹಾಗೆ ಹಾಕಿದ. ನಮ್ಮ ಹೆಸರಿಗೆಲ್ಲ ಕನ್ನಡದಲ್ಲಿ ಸರಿ ತಪ್ಪು ಎಂತ ಉಂಟು? ಎರಡೂ ನಾನೇ.”

“ನೀವು ದೊಡ್ಡವರು, ಎರಡು ಇಟ್ಟುಕೊಳ್ಳಬಹುದು. ನನಗೆ ಇರುವುದು ಒಂದೇ.” ಮಾರ್ಕರಿಗೆ ಮುಚ್ಚಳ ಹಾಕಿ ಅವರ ಮುಂದೆ ಇಟ್ಟರು. “ಬೇಡದಿದ್ದರೆ ಹೇಳಿ, ತುಂಬಿಸಿಕೊಂಡು ಹೋಗ್ತೇನೆ. ಬೇಸರ ಇಲ್ಲ.”

ಬೇಸರ ಇಲ್ಲ ಎಂದವರು ಆಗಲೇ ಒಂದು ಪ್ಯಾಕೆಟ್ ಚೀಲಕ್ಕೆ ವಾಪಸ್ ಹಾಕಿದ್ದರು. ಇನ್ನೊಂದಕ್ಕೆ ಕೈ ಚಾಚಿದರು. ನಾನೂ ಬಾಗಿ ಚೀಲದ ಬಾಯಿ ಅಗಲಿಸಿ ಹಿಡಿದೆ. ಹಿಡಿಯುವುದು ಬಿಟ್ಟು ಬೇರೇನೂ ತೋಚಲಿಲ್ಲ.

ಎಡ್ವಿನ್ ಅಂಕಲ್ ನಮ್ಮಿಬ್ಬರನ್ನೂ ನೋಡಿದರು. ಮಾರ್ಕರ್ ಕಿಸೆಗೆ ಸೇರಿಸಿದರು.

“ಇಡಿ ಮಾರಾಯ್ತಿ, ಇಡಿ. ಯಾರಾದರೂ ಕೇಳಿದರೆ ನಾನು ನಿಮಗೇ ಫೋನ್ ಹಚ್ಚಿ ಕೊಡುವುದು.”

ಶೆಲ್ಫ್ ಬಾಗಿಲಿನ ಪಕ್ಕದ್ದೇ. ಅಕ್ಕ ಒಂದೊಂದನ್ನೂ ಹೆಸರು ಮುಂದೆ ಬರುವಂತೆ ತಿರುಗಿಸಿ ಇಟ್ಟರು. ನಾನು ಎತ್ತಿ ಕೊಡುತ್ತಿದ್ದೆ. ಇನ್ನೂ ಮುಗಿದಿರಲಿಲ್ಲ, ಒಬ್ಬಳು ಕಾಲೇಜಿನ ಹುಡುಗಿ ಬಂದು ಒಂದನ್ನು ತೆಗೆದಳು. ಹೊರಗಿನವಳು, ಕನ್ನಡ ಹೊಸದಾಗಿ ಕಲಿಯುತ್ತಿರಬೇಕು. ಬೆರಳಿಟ್ಟು ಬಿಡಿಬಿಡಿಯಾಗಿ ಓದಿದಳು: ಸು, ಗಂ, ದಿ. ನಮ್ಮನ್ನು ಅಂಗಡಿಯವರೆಂದು ತಿಳಿದು ಅಕ್ಕನನ್ನೇ ಕೇಳಿದಳು.

“ಆಂಟಿ, ಸುಗಂದಿ ಅಂದರೆ ಏನು?”

ಅಕ್ಕ ಕೈಯಲ್ಲಿದ್ದ ಪ್ಯಾಕೆಟನ್ನು ಶೆಲ್ಫಿನಲ್ಲಿ ನೆಟ್ಟಗೆ ನಿಲ್ಲಿಸಿದರು.

“ನಾನು,” ಎಂದರು.